ಒದ್ದೆ ಧೋತರ ಮತ್ತು ಉಪಗ್ರಹದ ಚಿತ್ರ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಊರಿಗೆ ಹೊಸದಾಗಿ ಬಂದ ಇಂಟರ್‌ನೆಟ್ ಅಂಗಡಿಗೆ ಉಳಿದವರು ಪರೀಕ್ಷೆಯ ಫಲಿತಾಂಶ ನೋಡಲು ಹೋದರೆ, ನಾನು ಹೋಗುತ್ತಿದ್ದದ್ದು ಉಪಗ್ರಹ ಹಿಂದಿನ ದಿನ ತೆಗೆದ ಚಿತ್ರ ನೋಡಲು. ಚಿತ್ರ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ನಮ್ಮ ಜಿಲ್ಲೆ ಬರುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಮೋಡ ಬಿಳಿ, ಮುದ್ದೇಬಿಹಾಳದ ಕಡೆ ಕಬ್ಬಿನ ಒಣ ಗರಿ ಸುಟ್ಟ ಹೊಗೆ ತೆಳು ನೀಲಿ, ಸಮುದ್ರದಾಚೆಯ ಮರುಭೂಮಿಯಿಂದ ಹಾರಿ ಬರುವ ಧೂಳು ಗೋಧಿ ಬಣ್ಣ. ಇಷ್ಟು ಗುರುತು ಸಿಕ್ಕಿದ್ದೇ ತಡ, ನನ್ನನ್ನು ಹಿಡಿಯುವವರಿರಲಿಲ್ಲ.

ಹೊರ್ತಿ ಎಂಬ ಊರಿಗೆ ಮದುವೆ ಮಾಡಿಕೊಟ್ಟ ನನ್ನ ಅಕ್ಕ ಆ ವರ್ಷ ಮೊದಲ ಸಲ ದ್ರಾಕ್ಷಿ ಒಣಗಿಸಲು ಹಾಕಿದ್ದಳು. ಹಸಿ ಹಣ್ಣನ್ನೇ ಮಾರೋಣ ಎಂದು ಮನೆಯವರೆಲ್ಲ ಹೇಳಿದರೂ ಹಟ ಹಿಡಿದು ಶೆಡ್ ಹಾಕಿಸಿದವಳು ಅವಳೇ. ನಾಲ್ಕೂ ಕಡೆ ತೆರೆದ ಶೆಡ್ಡು, ಒಂದರ ಮೇಲೊಂದು ಬಲೆ, ಬಲೆಯ ತುಂಬ ದ್ರಾಕ್ಷಿ. ಹದಿನೈದು ದಿನ ಗಾಳಿ ಆಡಬೇಕು, ಧೂಳು ಕೂರಬಾರದು. ಕೂತರೆ ಅಂಟಿಕೊಂಡು ತಿನ್ನುವವರ ಹಲ್ಲಿಗೆ ಮರಳು ಸಿಗುತ್ತದೆ. “ಧೂಳ ಬರೂಕಿಂತ ಮೊದ್ಲ ನಾ ಹೇಳ್ತೇನಿ, ನೀ ಆರಾಮ ಇರು” ಎಂದು ಮೀಸೆ ತಿರುವಿ ಬಂದಿದ್ದೆ.

ಮೂರನೇ ದಿನವೇ ಸಮುದ್ರದ ಮೇಲಿಂದ ಗೋಧಿ ಬಣ್ಣದ ಪಟ್ಟಿಯೊಂದು ನಮ್ಮ ಕಡೆ ಚಾಚಿತ್ತು. ಅಂಗಡಿಯ ಫೋನಿನಿಂದಲೇ ಸುದ್ದಿ ಮುಟ್ಟಿಸಿದೆ. ಅಕ್ಕ ತಾಡಪತ್ರಿ ಸಾಲದೆ ಮನೆಯ ಕೌದಿಗಳನ್ನೂ ಶೆಡ್ಡಿನ ಸುತ್ತ ಕಟ್ಟಿಸಿದಳು. ಎರಡು ದಿನ ಕಳೆದರೂ ಧೂಳಿನ ಸುಳಿವಿಲ್ಲ. ಅದು ಬಹಳ ಎತ್ತರದಲ್ಲಿ ನಮ್ಮ ತಲೆಯ ಮೇಲೆ ದಾಟಿ ಹೋಗಿತ್ತು. ಆ ಚಿತ್ರದಲ್ಲಿ ಧೂಳಿನ ಎತ್ತರ ಕಾಣುವುದಿಲ್ಲ ಎಂಬುದು ಭೂಗೋಳದ ಮಾಸ್ತರನಿಗೆ ಹೊಳೆದೇ ಇರಲಿಲ್ಲ. ಗಾಳಿಯಿಲ್ಲದೆ ಹಣ್ಣು ಬೆವೆತು, ಕೆಳಗಿನ ಬಲೆಗೆ ಬೂಷ್ಟು ಹತ್ತಿತು.

ಭಾನುವಾರ ಹೋದಾಗ ಮಂಗಳಾರತಿ ಆಯಿತು. “ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕೋ ತಮ್ಮಾ?” ಎಂದು ಅಕ್ಕ ಶೆಡ್ಡಿನ ಮುಂದಿನ ಹಗ್ಗ ತೋರಿಸಿದಳು. ಅದರ ಮೇಲೆ ಅವಳ ಮಾವನವರ ಹಳೆಯ ಬಿಳಿ ಧೋತರವನ್ನು ಒದ್ದೆ ಮಾಡಿ ಹರವಿದ್ದಳು. “ಧೂಳ ಇಳದ್ರ ಮೊದ್ಲ ಇದರ ಮ್ಯಾಲೆ ಕೂಡ್ತೈತಿ. ಇನ್ನ ನಿನ್ನ ಫೋನ್ ಬ್ಯಾಡ.” ನನಗೆ ನಿಜಕ್ಕೂ ನಾಚಿಕೆಯಾಯಿತು. ಬೂಷ್ಟು ಹತ್ತಿದ ಹಣ್ಣನ್ನು ಸಂಜೆಯವರೆಗೆ ಕೂತು ನಾನೇ ಆರಿಸಿ ತಿಪ್ಪೆಗೆ ಹಾಕಿದೆ.

ಕೆಲವೇ ದಿನಗಳಲ್ಲಿ ಮತ್ತೆ ಅಂಥದೇ ಪಟ್ಟಿ, ಈ ಸಲ ಇನ್ನೂ ದಪ್ಪ. ಹೇಳಲೋ ಬಿಡಲೋ ಎಂದು ಎರಡು ಚಹಾ ಕುಡಿದು ಕೊನೆಗೆ ಫೋನ್ ಮಾಡಿದೆ. “ಅಕ್ಕಾ, ಧೂಳ ಐತಿ. ಕೆಳಗ ಇಳೀತೈತೋ ಇಲ್ಲೋ ನನಗ ಗೊತ್ತಿಲ್ಲ.”

“ಧೋತರ ಮುಂಜಾನೆನ ಮಣ್ಣ ಬಣ್ಣ ಆತು. ಎಲ್ಲಾ ಕಟ್ಟಿ ಕುಂತೇನಿ” ಎಂದಳು.

ಹಾಗಾದರೆ ನನ್ನ ಕೆಲಸವೇನು? ಫೋನ್ ಇಡಲು ಹೊರಟೆ. ಅವಳು ಇಡಲಿಲ್ಲ.

“ಒಳಗ ಹಣ್ಣ ಮತ್ತ ಬೆವರಾಕತ್ತಾವ. ಇದು ಯಾವಾಗ ಹೋಗ್ತೈತಿ ಹೇಳು. ಅದನ್ನ ಧೋತರ ಹೇಳಂಗಿಲ್ಲ.”

ಫೋನ್ ಕಿವಿಗಿಟ್ಟುಕೊಂಡೇ ಮತ್ತೆ ಚಿತ್ರದ ಮುಂದೆ ಕೂತೆ. ಪಟ್ಟಿಯ ಹಿಂದೆ ಸಮುದ್ರ ನೀಲಿಯಾಗಿತ್ತು. ಅದರ ಹಿಂದಿನ ದಿನದ ಚಿತ್ರವನ್ನೂ ತೆರೆದು, ಒಂದು ದಿನದಲ್ಲಿ ಪಟ್ಟಿಯ ಬಾಲ ಎಷ್ಟು ಸರಿದಿದೆ ಎಂದು ಪರದೆಯ ಮೇಲೆ ಬೆರಳಿಟ್ಟು ಅಳೆದೆ. “ನಾಳಿ ಮಧ್ಯಾಹ್ನ ಬಿಚ್ಚು” ಎಂದೆ.

ಮರುದಿನ ಮೊದಲ ಬಸ್ಸಿಗೇ ಹೊರ್ತಿಗೆ ಹೋದೆ. ಅಕ್ಕ ಒಗೆದ ಧೋತರವನ್ನು ಮತ್ತೆ ಹರವಿದ್ದಳು. ಊಟದ ಹೊತ್ತಿಗೂ ಅದು ಬಿಳಿಯಾಗಿಯೇ ಇತ್ತು. ಅಕ್ಕ ಎದ್ದು ಹೋಗಿ ತಾಡಪತ್ರಿಯ ಗಂಟು ಬಿಚ್ಚಿದಳು.

ಮುಂದಿನ ವಾರ ಒಣಗಿದ ಮೊದಲ ಹಿಡಿಯನ್ನು ನನ್ನ ಕೈಗೇ ಹಾಕಿದಳು. ಹೆದರುತ್ತಲೇ ಅಗಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹಲ್ಲಿಗೆ ಒಂದು ಹರಳೂ ಸಿಗಲಿಲ್ಲ.

“ಇನ್ನೊಂದ ಹಿಡಿ ಕೊಡು” ಎಂದೆ.

“ಮ್ಯಾಲಿನ ಬಲಿಯಾಗ ಇನ್ನೂ ಹಸಿ ಐತಿ. ಮೊದ್ಲ ನಾಳಿಂದು ಹೇಳು” ಎಂದಳು ಅಕ್ಕ.