ಖಂಡೇಪೂಜೆಗೆ ತೊಳೆದ ಗಿಟಾರ್

ಒಂದು ಗಿಟಾರಿಗೆ ಅಷ್ಟು ದುಡ್ಡು ಯಾಕೆ ಸುರಿಯಬೇಕು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೇಳಿದವರ ಮೇಲಲ್ಲ, ನನ್ನ ಮೇಲೆ. ಒಂದು ಕಾಲದಲ್ಲಿ ಹಾಗೆ ಕೇಳಿದವನು ನಾನೇ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕರೋಶಿಯಲ್ಲಿ ನಮ್ಮದು ಒಂದಿಷ್ಟು ಕಬ್ಬಿನ ಹೊಲ. ಅಣ್ಣ ಹೊಲದ ಕೆಲಸ ಮುಗಿಸಿ, ಲಗ್ನದ ಹಂಗಾಮಿನಲ್ಲಿ ನಿಪ್ಪಾಣಿಯ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದ. ಅವನ ಹಳೆಯ ಗಿಟಾರೋ, ದೇವರಿಗೇ ಪ್ರೀತಿ! ಅದರ ತಂತಿಗಳು ಎಷ್ಟು ಎತ್ತರದಲ್ಲಿದ್ದವೆಂದರೆ ಒತ್ತಿ ಒತ್ತಿ ಬೆರಳ ತುದಿ ಸೀಳಿ ರಕ್ತ ಬರುತ್ತಿತ್ತು. ಒಂದು ಹಾಡು ಮುಗಿಯುವುದರೊಳಗೆ ಶ್ರುತಿ ಇಳಿಯುತ್ತಿತ್ತು. ಸಾಲದ್ದಕ್ಕೆ ಅವನ ಎಡಗೈಯ ಎರಡು ಬೆರಳು ಸಂದು ಹಿಡಿಯತೊಡಗಿದವು. "ಈ ಹಂಗಾಮ ನೋಡ್ತೀನಿ. ಕೈ ಹಿಂಗ ಇದ್ರ ಬ್ಯಾರೆದಾಂವನ್ನ ಹುಡಕಬೇಕಾಗ್ತೈತಿ" ಎಂದು ಆರ್ಕೆಸ್ಟ್ರಾದ ಮಾಲೀಕರು ಹೇಳಿಬಿಟ್ಟರು. ಅಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಗಲೇ ಒಂದು ಕಾರ್ಯಕ್ರಮದಲ್ಲಿ ಕೊಲ್ಲಾಪುರದ ಗಿಟಾರಿನವನೊಬ್ಬ ತನ್ನ ಫಾರಿನ್ ಗಿಟಾರನ್ನು ಅಣ್ಣನ ಕೈಗೆ ಕೊಟ್ಟಿದ್ದ. ಮನೆಗೆ ಬಂದವನು ಕಟ್ಟೆಯ ಮೇಲೆ ಕೂತು ಅದನ್ನೇ ಹೇಳಿದ್ದು.

"ಲೇ, ತಂತಿ ಒತ್ತೂದ ಬ್ಯಾಡ, ಬೆರಳ ಇಟ್ರ ಸಾಕು. ಶ್ರುತಿ ಒಂಚೂರೂ ಅಲ್ಲಾಡಂಗಿಲ್ಲ. ಒಮ್ಮೆ ಮೀಟಿದ್ರ ನಾದ ಹಂಗ ನಿಂದರತೈತಿ. ಅಂಥಾದ್ದೊಂದ ತಗೋಬೇಕ ಅನಸೈತಿ."

"ಅಷ್ಟ ರೊಕ್ಕದಾಗ ಒಂದ ಜೋಡಿ ಎತ್ತ ಬರ್ತಾವ. ತಲಿಗಿಲಿ ಕೆಟ್ಟೈತೇನ?" ಎಂದೆ ನಾನು, ಅದರ ಬೆಲೆ ಕೇಳಿ.

ವೈನಿ, ಅಂದರೆ ಅಣ್ಣನ ಹೆಂಡತಿ, ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಮರುದಿನ ಬೆಳಿಗ್ಗೆ ಚಹಾದ ಜೊತೆಗೆ ತಮ್ಮ ಕೈಯ ಬಂಗಾರದ ಪಾಟ್ಲಿ ಬಳೆ ಬಿಚ್ಚಿ ಅಣ್ಣನ ಮುಂದಿಟ್ಟರು. "ಇವನ್ನ ಹಾಕ್ಕೊಂಡ ಯಾರ ಮುಂದ ಮೆರೀಲಿ? ಮೊದಲ ನಿಮ್ಮ ಬೆರಳ ನಡೀಲ್ರಿ" ಎಂದರು.

ಪಾಟ್ಲಿ ಮಾರಿದ ದುಡ್ಡಿಗೆ ಅಂಥದೇ ಗಿಟಾರ್ ಬಂತು. ಆ ಹಂಗಾಮಿನಲ್ಲಿ ನಾನು ಮಂಟಪದ ಮುಂದೆ ಕೂತು ಕೇಳಿದೆ. ಅಣ್ಣನ ಸಂದು ಹಿಡಿದ ಬೆರಳು ಸುಮ್ಮನೆ ತಂತಿಯ ಮೇಲೆ ಸರಿದಾಡುತ್ತಿದ್ದವು. ಒಂದು ಸ್ವರವನ್ನು ಎಳೆದು ಬಿಟ್ಟ ನೋಡಿ, ಊಟದ ಪಂಕ್ತಿಯವರೂ ತಿರುಗಿ ನೋಡಿದರು. ಎತ್ತಿನ ಮಾತಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮುಂದೆ ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ, ಬಂತು. ನಮ್ಮ ಮನೆಯಲ್ಲಿ ತೊಳೆಯದ ವಸ್ತುವನ್ನು ಪೂಜೆಗೆ ಇಡುವುದಿಲ್ಲ. ನೇಗಿಲು, ಸಲಿಕೆ, ಕುಡಗೋಲು, ಸೈಕಲ್, ಎಲ್ಲಕ್ಕೂ ನೀರು ಬೀಳಲೇಬೇಕು. ಅಣ್ಣ ಹೊಲಕ್ಕೆ ಚೆಂಡುಹೂ ತರಲು ಹೋಗಿದ್ದ. ನೇಗಿಲು ತಿಕ್ಕುತ್ತಿದ್ದ ನಾನು ಸುಮ್ಮನಿರಬಾರದೇ? "ವೈನಿ, ನಿಮ್ಮ ಪಾಟ್ಲಿ ಮೂಲ್ಯಾಗ ಧೂಳ ತಿನ್ನಾಕತ್ತಾವ ನೋಡ್ರಿ. ಅದನ್ನಷ್ಟ ಯಾಕ ಬಿಟ್ಟೀರಿ?" ಎಂದು ಗಿಟಾರಿನ ಕಡೆ ತೋರಿಸಿ ಚೇಷ್ಟೆ ಮಾಡಿದೆ.

ವೈನಿ ನಕ್ಕರು. ಗಿಟಾರನ್ನು ಬಚ್ಚಲಕಲ್ಲಿನ ಮೇಲೆ ಮಲಗಿಸಿ ಎರಡು ತಂಬಿಗೆ ನೀರು ಸುರಿದರು. ಸೆರಗಿನಿಂದ ಒರೆಸಿ, ಕುಂಕುಮ ಹಚ್ಚಿ, ನೇಗಿಲಿನ ಪಕ್ಕ ಒರಗಿಸಿದರು. ಪೂಜೆಗಿಟ್ಟ ಮೇಲೆ ಮರುದಿನ ಬನ್ನಿ ಕೊಡುವತನಕ ಯಾರೂ ಮುಟ್ಟುವಂತಿಲ್ಲ. ಅಣ್ಣ ಹೂ ತಂದವನು ಗಿಟಾರಿನಿಂದ ಇಳಿಯುತ್ತಿದ್ದ ನೀರನ್ನು ನೋಡಿದ. ಬಾಯಿ ತೆರೆದ. ವೈನಿಯ ಮುಖ ನೋಡಿ, "ಚಂದ ಮಾಡೀದಿ" ಎಂದಷ್ಟೇ ಅಂದ.

ಬನ್ನಿ ಕೊಟ್ಟ ಮೇಲೆ ಅಣ್ಣ ಬಾರಿಸಿದರೆ ಬರೀ ಗರಗರ ಸದ್ದು. ವಾರದೊಳಗೆ ಅದೂ ನಿಂತಿತು. ದನದ ಕೊಟ್ಟಿಗೆಯಲ್ಲಿ ಕೂತು ಇಬ್ಬರೂ ಬಿಚ್ಚಿದೆವು. ತಂತಿಯ ನಾದ ಹಿಡಿಯುವ ಸುರುಳಿಗಳು ಹಸಿರುಗಟ್ಟಿದ್ದವು. ಚಿಕ್ಕೋಡಿಯಲ್ಲಿ ಪಂಪಸೆಟ್ಟಿನ ಮೋಟರು ಸುತ್ತುವವನ ಹತ್ತಿರ ಒಯ್ದೆವು. "ಇದು ಕೂದಲಕ್ಕಿಂತ ಸಣ್ಣ ತಂತಿ ಐತ್ರಿ. ಇಂಥಾದ್ದು ನಮ್ಮ ಕಡೆ ಎಲ್ಲಿ ಸಿಗಬೇಕು?" ಎಂದ. ಕೊಲ್ಲಾಪುರದ ಅಂಗಡಿಯವರು ಪರದೇಶದಿಂದ ತರಿಸುತ್ತೇವೆಂದರು. ಅದು ಬರಲೇ ಇಲ್ಲ.

ಅಣ್ಣ ಮತ್ತೆ ಹಳೆಯ ಗಿಟಾರ್ ಹಿಡಿದ. ಬೆರಳು ಮಡಚಿದರೆ ಬಿಚ್ಚದಾದವು. ಮಾಲೀಕರು ಅವನ ಜಾಗದಲ್ಲಿ ಕ್ಯಾಸಿಯೊ ಕೀಬೋರ್ಡ್ ಬಾರಿಸುವವನನ್ನು ಕೂರಿಸಿದರು. ಮನೆಯಲ್ಲಿ ಅಣ್ಣ ಹೇಳಿದ್ದು ಒಂದೇ ಮಾತು: "ಗಿಟಾರದ್ದೇನ ತಪ್ಪಿಲ್ಲ. ನನ್ನ ಕೈನ ಹ್ವಾದೂ." ನೀರು ಹಾಕಲು ವೈನಿಯನ್ನು ಕೆಣಕಿದವನು ನಾನೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹೇಡಿ ನಾನು.

ಮರುವರ್ಷ ಖಂಡೇಪೂಜೆಗೆ ಅಣ್ಣ ತಾನೇ ಗಿಟಾರನ್ನು ಗೂಟದಿಂದ ಇಳಿಸಿ ಬಚ್ಚಲಕಲ್ಲಿನ ಮೇಲಿಟ್ಟ.

"ಇದಕ್ಕೂ ನೀರ ಹಾಕು."

ವೈನಿ ಅನುಮಾನಿಸಿದರು. ಅವರ ಕೈಯಲ್ಲಿ ಬರೀ ಗಾಜಿನ ಬಳೆ. "ಹ್ವಾದ ವರ್ಷ ಹಾಕಿದ್ದಕ್ಕ ಏನೂ ಆಗಿಲ್ಲಲ್ರಿ?"

"ಏನೂ ಆಗಿಲ್ಲ. ಹಾಕು."

ಎರಡನೆಯ ತಂಬಿಗೆಯನ್ನು ಅವನೇ ತುಂಬಿ ಅವರ ಕೈಗೆ ಕೊಟ್ಟ. ನಾನು ತಲೆ ಎತ್ತದೆ ನೇಗಿಲು ತಿಕ್ಕುತ್ತಿದ್ದೆ.