ಬೆಳಕು ಸೋರದ ಸೂರು

ಬೆಳಗಿನ ಜಾವ. ಬೀದಿಯ ಧೂಳು ಇನ್ನೂ ಎದ್ದಿಲ್ಲ. ಬಣ್ಣದಕ್ಕ ದೇವರನ್ನು ನೆನೆದು ಕಿಟಕಿಯ ಪಕ್ಕದ ಮೇಜಿಗೆ ಬಂದು ಕೂರುತ್ತಾರೆ. ಮೇಜಿನ ಮೇಲೆ ಊರಿಗೆ ಬರಲಿರುವ ಗ್ರಂಥಾಲಯ ನಿಂತಿದೆ. ಎತ್ತರ ಒಂದು ಮೊಳವೂ ಇಲ್ಲ. ನಾಲ್ಕೇ ಕೂದಲು ಉಳಿದ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಅವರು ಕಿಟಕಿಯ ಚೌಕಟ್ಟಿಗೆ ಕಂದು ಗೆರೆ ಎಳೆಯುತ್ತಾರೆ. ಎಷ್ಟೇ ಸೆಕೆಯಿದ್ದರೂ ಫ್ಯಾನ್ ಹಾಕುವಂತಿಲ್ಲ. ಹಸಿ ಬಣ್ಣದ ಮೇಲೆ ಧೂಳು ಕೂತರೆ ಗೋಡೆಗೆ ಸಿಡುಬು ಎದ್ದಂತೆ ಕಾಣುತ್ತದೆ.

ದೊಡ್ಡ ಕಟ್ಟಡ ಕಟ್ಟುವ ಮೊದಲು ಜನರಿಗೆ ತೋರಿಸಲು ಇಂಥದೊಂದು ಪುಟ್ಟ ಮಾದರಿ ಮಾಡಿಸುತ್ತಾರೆ. ಅದರ ಕೆಳಗೆ ಎಂಜಿನಿಯರರ ಹೆಸರಿರುತ್ತದೆ, ಬಣ್ಣ ಹಚ್ಚಿದವರದು ಇರುವುದಿಲ್ಲ. ಮೊದಲು ಕಾರ್ಖಾನೆಯೊಂದರಲ್ಲಿ ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದ ಬಣ್ಣದಕ್ಕನನ್ನು ಈ ಕೆಲಸಕ್ಕೆ ಎಳೆದವರು ಅವರ ಗಂಡ. ರಟ್ಟು ಕತ್ತರಿಸಿ ಗೋಡೆ ನಿಲ್ಲಿಸುವುದು ಅವರ ಪಾಲು, ಬಣ್ಣ ಇವರದು.

“ಮೊದಲ್ನೇ ಸಲ, ನಿಜವಾದ ಗೋಡೆಗೆ ಯಾವ ಬಣ್ಣವೋ ಅದನ್ನೇ ಬಳಿದುಬಿಟ್ಟೆ. ಕಟ್ಟಡ ಮಳೇಲಿ ತೊಯ್ದ ಹಾಗೆ ಕಪ್ಪಗೆ ಕಾಣ್ತು. ‘ಕೊಡೆ ಹಿಡೀಲಾ ಇದಕ್ಕೆ?’ ಅಂದ್ರು ಇವ್ರು. ಚಿಕ್ಕದಕ್ಕೆ ಚೂರು ಬಿಳಿ ಬೆರೆಸ್ಬೇಕು ಅಂತ ಅವತ್ತು ಕಲಿತೆ,” ಎಂದು ನಗುತ್ತಾರೆ.

ಗಂಡ ತೀರಿಕೊಂಡು ಎರಡು ತಿಂಗಳಾಯಿತು. ಅವರು ಕೈಯಾರೆ ಕತ್ತರಿಸಿ ನಿಲ್ಲಿಸಿದ ಕೊನೆಯ ಕಟ್ಟಡ ಇದೇ. ಇವತ್ತು ಎಂಜಿನಿಯರರ ಕಚೇರಿಯವರು ಬಂದು ಒಯ್ಯುತ್ತಾರೆ. ಚಾವಣಿ ಮಾತ್ರ ಇನ್ನೂ ಅಂಟಿಸಿಲ್ಲ. ಒಳಗೋಡೆಗಳ ತುಂಬ ಅವರ ಪೆನ್ಸಿಲ್ ಬರಹವಿದೆ: ಅಳತೆಗಳು, ‘ಈ ಕಡೆ ಮೇಲೆ’, ಹಿಂದಿನ ಬಲಮೂಲೆಯಲ್ಲಿ ‘ಟೀ ಲೋಟ ಇಲ್ಲಿಡಬೇಡ ಮಹಾರಾಯ್ತಿ’. ಕಿಟಕಿಗಳಿಗೆಲ್ಲ ಮಬ್ಬು ಹಾಳೆ. ಚಾವಣಿ ಮುಚ್ಚಿದರೆ ಆ ಅಕ್ಷರ ಮತ್ತೆ ಕಣ್ಣಿಗೆ ಬೀಳುವುದಿಲ್ಲ.

“ಫೋಟೋ ತೆಗೆದಿದೀನಲ್ಲಮ್ಮ,” ಎನ್ನುತ್ತಾಳೆ ಮಗಳು.

“ಫೋಟೋ ಮೇಲೆ ಬೆರಳಾಡಿಸಿದ್ರೆ ಪೆನ್ಸಿಲ್ ಒತ್ತಿದ್ದು ತಿಳಿಯುತ್ತೇನೇ? ಅಂಟು ಹಾಕಲ್ಲ, ಸುಮ್ನೆ ಕೂರಿಸಿ ಕಳಿಸ್ತೀನಿ. ಆಸೆಯಾದಾಗ ಕಚೇರಿಗೆ ಹೋಗಿ ಎತ್ತಿ ನೋಡ್ತೀನಿ. ಯಾರಿಗೆ ಗೊತ್ತಾಗುತ್ತೆ?”

ಮಗಳು ಚಾವಣಿಯನ್ನು ಗೋಡೆಗಳ ಮೇಲೆ ಸುಮ್ಮನೆ ಕೂರಿಸುತ್ತಾಳೆ. ಅಪ್ಪ ಪ್ರತಿ ಮಾದರಿಗೂ ಮಾಡುತ್ತಿದ್ದಂತೆ ಅಡಿಯ ತೂತಿನಿಂದ ಸಣ್ಣ ಬಲ್ಬು ತೂರಿಸಿ ಸ್ವಿಚ್ ಒತ್ತುತ್ತಾಳೆ. ಗೋಡೆಗೂ ಚಾವಣಿಗೂ ನಡುವೆ, ಸುತ್ತಲೂ, ಕೂದಲೆಳೆಯಷ್ಟು ಬೆಳಕು ಹೊರಬರುತ್ತದೆ.

ಬಣ್ಣದಕ್ಕ ಬಗ್ಗಿ ಆ ಗೆರೆಯನ್ನು ನೋಡುತ್ತಾರೆ. “ಹೀಗೆ ಬೆಳಕು ಬಂದ್ರೆ ‘ಸೋರ್ತಿದೆ ಕಣೇ’ ಅಂತಿದ್ರು ನಿಮ್ಮಪ್ಪ,” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. “ಸೋರೋ ಮನೇನ ಅವರು ಯಾವತ್ತೂ ಹೊಸಿಲು ದಾಟಿಸಿದವರಲ್ಲ. ಅವರ ಕೊನೇ ಕೆಲಸಾನ ನಾನೇ ಕೆಡಿಸಲಾ? ತಾ, ಅಂಟು.”

ಚಾವಣಿ ಎತ್ತಿ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸುತ್ತಾರೆ. ಅಂಚಿಗೆ ಅಂಟು ಸವರಿ, ಚಾವಣಿ ಕೂರಿಸಿ, ಜ್ವರದ ಮಗುವಿನ ಹಣೆ ಹಿಡಿದ ಹಾಗೆ ಎರಡೂ ಅಂಗೈಯಲ್ಲಿ ಒತ್ತಿ ಹಿಡಿಯುತ್ತಾರೆ. ತುಟಿ ಮಾತ್ರ ಏನೋ ಜಪಿಸುತ್ತಿರುತ್ತದೆ. ಮಗಳು ಮತ್ತೆ ದೀಪ ಹಾಕಿದಾಗ ಬೆಳಕು ಬರುವುದು ಕಿಟಕಿಗಳಿಂದ ಮಾತ್ರ.

ಕಚೇರಿಯವರು ಬಂದು ಮಾದರಿಯನ್ನು ಪೆಟ್ಟಿಗೆಗೆ ಇಳಿಸುತ್ತಾರೆ. “ಇನ್ನೇನಾದ್ರೂ ಹೇಳೋದಿದ್ಯಾ ಅಮ್ಮ?” ಎಂದು ಕೇಳುತ್ತಾರೆ.

“ಕಟ್ಟಡ ಎದ್ದ ಮೇಲೆ ಒಂದ್ಸಲ ನನ್ನ ಒಳಗೆ ಬಿಡಿಸಪ್ಪ. ಹಿಂದಗಡೆ ಬಲಮೂಲೇಲಿ ಸ್ವಲ್ಪ ಹೊತ್ತು ನಿಂತು ಬರ್ತೀನಿ.”