ನೀಲಕ್ಕನ ಜಪಾನಿ ಡಬ್ಬಿ

ನೀಲಕ್ಕನ ಮನೆಯಿಂದ ಯಾವ ಪಾತ್ರೆಯೂ ಖಾಲಿಯಾಗಿ ಹೊರಬಿದ್ದದ್ದಿಲ್ಲ. ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ಹುಬ್ಬಳ್ಳಿ ಕಡೆಯವರು, ಮಗಳು ವೀಣಾಳ ಜೊತೆಗಿದ್ದರು. ನಾನು ಸಾರು ಕೊಟ್ಟ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಬರುತ್ತಿತ್ತು. ಏನೂ ಮಾಡದ ದಿನ ಒಂದು ಹಿಡಿ ಸಕ್ಕರೆಯಾದರೂ ಸರಿ. ಆನ್‌ಲೈನಿನಲ್ಲಿ ತರಿಸಿದ ಕುಕ್ಕರು ಸರಿಯಿಲ್ಲವೆಂದು ವೀಣಾ ವಾಪಸು ಕಳಿಸಿದಾಗ ಅದರೊಳಗೂ ಸಕ್ಕರೆ ಹೋಗಿತ್ತು. ಕುಕ್ಕರಿನಲ್ಲಿ ಬಿಳಿ ಪುಡಿ ಸಿಕ್ಕಿದೆ, ಅದೇನೆಂದು ತಿಳಿಸಿ ಎಂದು ಕಂಪನಿಯವರು ಕೇಳಿದರು. ವೀಣಾ ನಮ್ಮ ಸಂಪ್ರದಾಯವನ್ನು ಫೋನಿನಲ್ಲಿ ಮ್ಯಾನೇಜರಿನವರೆಗೂ ವಿವರಿಸಬೇಕಾಯಿತು. ನೀಲಕ್ಕ ಪಕ್ಕದಲ್ಲೇ ಕೂತು, "ಸಕ್ಕರಿ ಅಂದ್ರ ಮುಗೀತಲಾ, ಅದಕ್ಕ ಇಷ್ಟ್ಯಾಕ ಇಂಗ್ಲೀಷು" ಎಂದರು.

ಇಂಥವರನ್ನು ಕರೆದುಕೊಂಡು ಎರಡೂ ಮನೆಯವರು ಜಪಾನಿಗೆ ಹೋದೆವು. ಕ್ಯೋಟೋ ಹತ್ತಿರದ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಾವೆಲ್ಲ ರೈಲು ಹತ್ತಿದೆವು, ಬಾಗಿಲು ಮುಚ್ಚಿತು, ನೀಲಕ್ಕ ಪ್ಲಾಟ್‌ಫಾರ್ಮಿನಲ್ಲೇ ಉಳಿದರು. ಅವರ ಫೋನು ವೀಣಾಳ ಬ್ಯಾಗಿನಲ್ಲಿತ್ತು. ವೀಣಾ ಅತ್ತೇಬಿಟ್ಟಳು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ತಿರುಗಿ ಬಂದು ನೋಡಿದರೆ, ನೀಲಕ್ಕ ಬೆಂಚಿನ ಮೇಲೆ ತಮ್ಮದೇ ವಯಸ್ಸಿನ ಒಬ್ಬ ಜಪಾನಿ ಹೆಂಗಸಿನ ಪಕ್ಕ ಕೂತು ಅನ್ನದ ಉಂಡೆ ತಿನ್ನುತ್ತಿದ್ದರು. ಆಕೆ ತನ್ನ ರೈಲನ್ನೂ ಬಿಟ್ಟು ಇವರ ಜೊತೆ ಕೂತಿದ್ದಳು. ನಮ್ಮನ್ನು ಕಂಡದ್ದೇ ಬಗ್ಗಿ ನಮಸ್ಕರಿಸಿ, ಆಗ ಬಂದ ರೈಲು ಹತ್ತಿ ಹೋಗಿಬಿಟ್ಟಳು. ಆಕೆಯ ಊಟದ ಡಬ್ಬಿ ನೀಲಕ್ಕನ ತೊಡೆಯ ಮೇಲೆಯೇ ಉಳಿಯಿತು.

ನೀಲಕ್ಕ ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ. "ಉಂಡೆಯೊಳಗೆ ಏನಿತ್ತು?" ಎಂದು ಕೇಳಿದೆ.

"ಕೇಳಿದ್ರ ತಿನ್ನಾಕ ಆಗತಿರಲಿಲ್ಲ, ತಂಗಿ. ಆಕಿ ನನ್ನ ಕೈ ಹಿಡಕೊಂಡಿದ್ಳು."

ಮರುದಿನ ಬಿದಿರಿನ ತೋಪು ನೋಡುವುದಿತ್ತು. ನೋಡಲಿಲ್ಲ. ಡಬ್ಬಿ ತೊಳೆದು, ದಾರಿಗೆಂದು ತಂದಿದ್ದ ಅವಲಕ್ಕಿ ಚೂಡಾ ತುಂಬಿ, ನೀಲಕ್ಕ ಅದೇ ಬೆಂಚಿನ ಮೇಲೆ ಸಂಜೆಯವರೆಗೆ ಕೂತರು. ಆಮೇಲಿನ ದಿನವೂ ಕೂತರು. ಆಕೆ ಬರಲಿಲ್ಲ. ಕಳೆದುಹೋದ ವಸ್ತುಗಳ ಜೊತೆ ಡಬ್ಬಿ ಇಟ್ಟುಕೊಳ್ಳುತ್ತೇವೆ, ತಿಂಡಿ ಮಾತ್ರ ತೆಗೆಯಬೇಕು ಎಂದು ಸ್ಟೇಷನ್ನಿನವರು ಬಹಳ ವಿನಯದಿಂದ ಹೇಳಿದರು.

"ಅವ್ವಾ, ಪ್ಲೀಸ್, ಕೊಟ್ಟುಬಿಡು. ನಾಳೆ ಫ್ಲೈಟ್ ಐತಿ" ಎಂದಳು ವೀಣಾ.

"ಖಾಲಿ ಡಬ್ಬಿ ಕೊಡಾಕ ನಾ ಏನ್ ಆಕಿ ಜೋಡಿ ಜಗಳಾ ಆಡೀನೇನು?" ಎಂದು ನೀಲಕ್ಕ ಡಬ್ಬಿಯನ್ನು ಸೆರಗಿನಡಿ ಸೇರಿಸಿದರು. ಅದು ಕ್ಯಾಲಿಫೋರ್ನಿಯಾಕ್ಕೆ ಬಂತು.

ಬಂದ ಮೇಲೆ ಅದೇ ಒಂದು ಕೊರಗಾಯಿತು. ಜಪಾನಿಗೆ ಹೊರಟವರು ಯಾರೇ ಸಿಗಲಿ, ಡಬ್ಬಿ ಒಯ್ಯುತ್ತೀರಾ ಎಂದು ಕೇಳುತ್ತಿದ್ದರು. ಪಾಲೋ ಆಲ್ಟೋದ ಅವರ ಡಾಕ್ಟರು ಟೋಕಿಯೋಗೆ ಹೋಗುವವರೆಂದು ತಿಳಿದು, ಬಿಪಿ ನೋಡಿಸಿಕೊಳ್ಳುವ ಮೊದಲು ವೀಣಾಳಿಂದ ಅವರಿಗೆ ಆ ಸ್ಟೇಷನ್ನಿನ ದಾರಿ ಹೇಳಿಸಿದರು. "ಮಂದಿ ಡಬ್ಬಿ ಇಟಗೊಂಡು ಸಾಯಬಾರದು" ಎನ್ನುತ್ತಿದ್ದರು. ಡಾಕ್ಟರು ಬಿಪಿ ಇನ್ನೊಮ್ಮೆ ನೋಡಿದರು.

ಹೋದ ಚಳಿಗಾಲ ಆಫೀಸಿನ ಮೀಟಿಂಗಿಗೆ ನಾನೇ ಓಸಾಕಾಕ್ಕೆ ಹೊರಟೆ. ಒಂದು ದಿನ ಆ ಬೆಂಚಿನಲ್ಲಿ ಕೂತು ಬರುತ್ತೇನೆ ಎಂದು ಮಾತು ಕೊಟ್ಟೆ. ಆ ಹೊತ್ತಿಗೆ ನೀಲಕ್ಕನ ಹೃದಯ ಸೋತಿತ್ತು, ಎದ್ದು ನಿಲ್ಲುವುದೇ ಕಷ್ಟ. ಆದರೂ ಒಲೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಚೂಡಾ ಮಾಡಿ, ಡಬ್ಬಿ ತುಂಬಿ ನನ್ನ ಕೈಗಿಟ್ಟರು. ನಾನು ಬಾಗಿಲ ತನಕ ಹೋಗಿದ್ದೆ.

"ತಂಗಿ, ಇಲ್ಲೆ ತಾ ಅದನ್ನ."

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದರು. "ಬ್ಯಾಡ ಬಿಡು. ಇದನ್ನ ಕೊಟ್ಟುಬಿಟ್ರ ಆಕಿ ಯಾರೋ, ನಾ ಯಾರೋ. ಈಗ ನನ್ನ ಡಬ್ಬಿ ಒಬ್ಬಾಕಿ ಕಡೆ ಐತಿ ಅಂತ ಊಟಕ್ಕ ಕುಂತಾಗರ ನೆನಸತಾಳ. ನೆನಸಲಿ."

ಚೂಡಾವನ್ನು ಕಾಗದದ ಚೀಲಕ್ಕೆ ಸುರಿದು, ದಾರಿಯಲ್ಲಿ ತಿನ್ನು ಎಂದು ನನಗೇ ಕೊಟ್ಟರು. ನನಗೆ ಅಳು ಬಂತು. ಅವರು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

ಮೀಟಿಂಗು ಮುಗಿಸಿ ಆ ಸ್ಟೇಷನ್ನಿಗೆ ಹೋದೆ. ಬೆಂಚಿಗೆ ಹೊಸ ಬಣ್ಣ ಬಳಿದಿದ್ದರು. ಮಧ್ಯಾಹ್ನವಿಡೀ ಕೂತು, ರೈಲಿನಿಂದ ಇಳಿದ ವಯಸ್ಸಾದ ಹೆಂಗಸರ ಮುಖವನ್ನೆಲ್ಲ ನೋಡಿದೆ. ಬಣ್ಣದ ವಿಷಯ ನೀಲಕ್ಕನಿಗೆ ಹೇಳಬೇಕು ಎಂದುಕೊಂಡೇ ವಿಮಾನ ಹತ್ತಿದೆ. ನಾನು ಇಳಿಯುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ವೀಣಾ ಎಲ್ಲರಿಗೂ ಫೋನು ಮಾಡಿದಳು, ಹುಬ್ಬಳ್ಳಿಗೂ ಹೇಳಿದಳು. ಕ್ಯೋಟೋ ಹತ್ತಿರ ಒಬ್ಬಾಕೆ ಊಟಕ್ಕೆ ಕೂತಾಗ ಇನ್ನೂ ಇವರನ್ನು ನೆನೆಯುತ್ತಿರಬಹುದು. ಆಕೆಗೆ ಸುದ್ದಿ ಮುಟ್ಟಿಸುವುದು ಹೇಗೆಂದು ನಮಗೆ ಯಾರಿಗೂ ಗೊತ್ತಿಲ್ಲ.